ಶುಕ್ರವಾರದ ಅರಿಶಿನ

ನಮ್ಮ ಹಾಸ್ಟೆಲಿನ ವಾರ್ಡನ್ ತೀರಿಕೊಂಡ ಸುದ್ದಿ ಹಳೆಯ ಹುಡುಗಿಯರ ವಾಟ್ಸಾಪ್ ಗುಂಪಿಗೆ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ನಾನು ಗೌರಿಬಿದನೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿಟ್ಟುಕೊಂಡು ಫೋನು ನೋಡಿದೆ. ಸುದ್ದಿಯ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದಿದ್ದವು. ನಡುವೆ ಒಬ್ಬಳು ಮಾತ್ರ ಬರೆದಿದ್ದಳು: "ಇನ್ನು ಕೈ ಎಲ್ಲಿಗೆ ಹೋಗಿತ್ತು ಅಂತ ಕೇಳೋರು ಯಾರ್ರೇ?" ಫೋನು ಕೆಳಗಿಟ್ಟೆ. ಆಗಲೇ ತೊಳೆದುಕೊಂಡಿದ್ದ ಕೈಯನ್ನು ಎದ್ದು ಹೋಗಿ ಮತ್ತೆ ಸೋಪು ಹಾಕಿ ತೊಳೆದುಕೊಂಡು ಬಂದೆ. ಪಕ್ಕದ ಕುರ್ಚಿಯ ಮೇಷ್ಟ್ರು ನೋಡಿ ನಕ್ಕರು. ನಗಲಿ ಬಿಡಿ.

"ಕೈ ಎಲ್ಲಿಗೆ ಹೋಗಿತ್ತು?" ಎನ್ನುವುದು ನಮ್ಮ ವಾರ್ಡನ್ ಮೇಡಂ ಅವರ ಪ್ರಶ್ನೆ. ಚಪಾತಿ ಹಿಟ್ಟು ನಾದಲು ಬಂದವಳಿಗೆ, ಕನ್ನಡಿಯ ಮುಂದೆ ಗಲ್ಲ ಒತ್ತಿಕೊಳ್ಳುತ್ತಿದ್ದವಳಿಗೆ, ಗೆಳತಿಯ ಕಣ್ಣಿಗೆ ಕಾಡಿಗೆ ಹಚ್ಚಲು ಹೊರಟವಳಿಗೆ, ಎಲ್ಲರಿಗೂ ಅದೇ ಪ್ರಶ್ನೆ. ಒಮ್ಮೆ ಹಾಸ್ಟೆಲ್ ನೋಡಲು ಬಂದ ಅಧಿಕಾರಿಯೊಬ್ಬರು ಅಡುಗೆಮನೆಗೆ ನುಗ್ಗಿ ಕೋಸಂಬರಿಯ ಪಾತ್ರೆಗೆ ಬೆರಳು ಹಾಕಲು ಹೋದರು. "ಸಾರ್, ಕೈ ಎಲ್ಲಿಗೆ ಹೋಗಿತ್ತು?" ಎಂದು ನಮ್ಮ ಮೇಡಂ ಕೇಳಿಯೇಬಿಟ್ಟರು. ಆ ಮನುಷ್ಯ ತಬ್ಬಿಬ್ಬಾಗಿ ನಲ್ಲಿ ಎಲ್ಲಿದೆ ಅಂತ ವಿಚಾರಿಸಿದರು. ನಾವು ಬಾಗಿಲ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆದರೆ ನಾನು ಮೊದಲು ಕಂಡ ಮೇಡಂ ಹೀಗಿರಲಿಲ್ಲ. ಈ ಪ್ರಶ್ನೆ ಅವರ ಬಾಯಿಗೆ ಬಂದದ್ದು ನನ್ನ ಮುಖದ ದೆಸೆಯಿಂದ. ಅವರು ಹೋದ ಮೇಲೆ ನನಗೆ ಮತ್ತೆ ಮತ್ತೆ ನೆನಪಾಗುತ್ತಿರುವುದು ಅದೇ.

ಚಿಕ್ಕಬಳ್ಳಾಪುರದ ಆ ಹಾಸ್ಟೆಲಿಗೆ ನಾನು ಸೇರಿದ್ದು ಪಿಯುಸಿ ಓದಲು. ಮೇಡಂ ಎತ್ತರದ ಹೆಂಗಸು, ಗಂಜಿ ಹಾಕಿದ ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಕೀಗೊಂಚಲು. ಅವರಿಗಿಂತ ಮುಂಚೆ ಆ ಗೊಂಚಲಿನ ಸದ್ದು ಬರುತ್ತಿತ್ತು. ಶಿಡ್ಲಘಟ್ಟದ ಕಡೆಯ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದವರು. ಬೈಯುವುದೆಲ್ಲ ಕನ್ನಡದಲ್ಲಿ, ಮುದ್ದು ಬಂದಾಗ ಮಾತ್ರ ತೆಲುಗು. "ಏಂ ತಲ್ಲೀ", ಏನು ತಾಯೀ, ಎಂದರೆ ಆ ದಿನ ನಾವು ಬಚಾವಾದೆವು ಎಂದೇ ಅರ್ಥ. ಯಾರಿಗೂ ಹೆದರದ ಅವರು ಹಲ್ಲಿ ಕಂಡರೆ ಮಾತ್ರ ಸೀರೆ ಎತ್ತಿ ಹಿಡಿದು ಮಂಚ ಹತ್ತುತ್ತಿದ್ದರು. ಅವರ ಗಂಡನ ಮನೆಯ ಸಂಗತಿ ನಮಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ವಾರವೆಲ್ಲ ಬೈಯುವ ಮೇಡಂ ಶುಕ್ರವಾರ ಸಂಜೆ ಬೇರೆಯೇ ಆಗುತ್ತಿದ್ದರು. ತಲೆಗೆ ನೀರು ಹಾಕಿಕೊಂಡ ಹುಡುಗಿಯರು ಜಗಲಿಯ ಮೆಟ್ಟಿಲ ಮೇಲೆ ಸಾಲಾಗಿ ಕೂರಬೇಕು. ಹಿತ್ತಾಳೆ ಬಟ್ಟಲಿನಲ್ಲಿ ಅರಿಶಿನ, ಕಡಲೆಹಿಟ್ಟು, ಒಂದಿಷ್ಟು ಮೊಸರು ಕಲಸಿ ತಂದು, ಒಬ್ಬೊಬ್ಬರ ಗಲ್ಲಕ್ಕೂ ತಮ್ಮ ಕೈಯಾರೆ ಹಚ್ಚುತ್ತಿದ್ದರು. ಹಚ್ಚುತ್ತ ಮೆಲ್ಲಗೆ ಕೇಳುತ್ತಿದ್ದರು: ಊರಿಂದ ಫೋನು ಬಂತಾ, ಹೊಟ್ಟೆನೋವು ಹೋಯ್ತಾ, ಆ ಟೆಸ್ಟಲ್ಲಿ ಎಷ್ಟು ಬಂತು. ಹೆಚ್ಚಾದದ್ದನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿ ಮುಂದಿನವಳ ಕಡೆ ತಿರುಗುತ್ತಿದ್ದರು. ಮನೆ ಬಿಟ್ಟು ಬಂದ ಹುಡುಗಿಯರು ನಾವು. ಆ ಕೈಗಾಗಿ ಗುರುವಾರದಿಂದಲೇ ಕಾಯುತ್ತಿದ್ದರು ಎಲ್ಲರೂ.

ನನ್ನ ಮೊದಲ ಶುಕ್ರವಾರ ನಾನೂ ಸಾಲಿನಲ್ಲಿ ಕೂತೆ. ಒಬ್ಬೊಬ್ಬರ ಮುಖ ಹಳದಿಯಾಗುತ್ತ ನನ್ನ ಸರದಿ ಬಂತು. ಕಣ್ಣು ಮುಚ್ಚಿ ಮುಖ ಮುಂದೆ ಮಾಡಿದೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ಮೇಡಂ ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಮುಖ ನೋಡುತ್ತಿದ್ದರು. ಆಗ ನನ್ನ ಮುಖದ ತುಂಬ ಮೊಡವೆ. ಹಣೆ, ಗಲ್ಲ, ಗದ್ದ, ಒಂದು ಜಾಗವನ್ನೂ ಬಿಟ್ಟಿರಲಿಲ್ಲ.

"ನಿಂಗೆ ಬೇಡಮ್ಮ. ಇದು ಅಂಟುತ್ತೆ. ವಾಸಿಯಾಗ್ಲಿ, ಆಮೇಲೆ ಹಚ್ತೀನಿ."

ಕೆಟ್ಟದಾಗಿ ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಆದರೂ ಆ ಮೆಟ್ಟಿಲ ಮೇಲೆ ನನ್ನದೊಂದೇ ಬರಿಯ ಮುಖ. ಇಷ್ಟು ವರ್ಷ ಕಳೆದರೂ ಆ ಸಂಜೆ ನೆನಪಾದರೆ ಗಲ್ಲ ಬಿಸಿಯಾಗುತ್ತದೆ.

ಮರುದಿನ ಮೇಡಂ ಪೇಟೆಗೆ ಹೋಗಿ ನನಗೊಂದು ಹೊಸ ಟವೆಲು, ಹೊಸ ಸೋಪು ತಂದರು. ಮಲಗುವ ಹಾಲಿನ ಕೊನೆಯಲ್ಲಿ, ಕಿಟಕಿಯ ಪಕ್ಕ, ಒಂದು ಮೊಳೆ ಹೊಡೆದು ಟವೆಲನ್ನು ಅದಕ್ಕೆ ಹಾಕಿದರು. ನನ್ನ ಚಾಪೆಯೂ ತಟ್ಟೆಯೂ ಅಲ್ಲಿಗೇ ಹೋದವು. ಉಳಿದವರೆಲ್ಲ ಕೈಗೆ ಸಿಕ್ಕ ಟವೆಲಿನಲ್ಲಿ ಒರೆಸಿಕೊಳ್ಳುವವರು, ಒಂದೇ ದಿಂಬಿಗೆ ತಲೆ ಕೊಟ್ಟು ಮಲಗುವವರು, ಒಂದೇ ಕಾಡಿಗೆ ಡಬ್ಬಿಯವರು. ಮೇಡಂ ನನ್ನನ್ನು ಕೂರಿಸಿಕೊಂಡು ಸಮಾಧಾನ ಹೇಳಿದರು.

"ಬೇಜಾರ್ ಮಾಡ್ಕೋಬೇಡ ಕಣೇ. ಹುಳು ಮನೇಲಿ ಒಂದು ಹುಳ ಸಪ್ಪಗಾದ್ರೆ ನಮ್ಮಮ್ಮ ಅದನ್ನ ಮೊದಲು ತಟ್ಟೆಯಿಂದ ಆರಿಸಿ ತೆಗೀತಿದ್ಲು. ಇಲ್ದಿದ್ರೆ ಇಡೀ ತಟ್ಟೆ ಹುಳಾನೇ ಹೋಗ್ಬಿಡುತ್ತೆ. ಅಷ್ಟೇ ಇದು."

ನಾನೂ ಹುಳು ಮನೆಯ ಹುಡುಗಿಯೇ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ನಮ್ಮಪ್ಪ ಗುತ್ತಿಗೆಗೆ ಹಿಪ್ಪುನೇರಳೆ ತೋಟ ಹಿಡಿದು ಹುಳು ಮೇಯಿಸುತ್ತಿದ್ದರು. ಆದ್ದರಿಂದ ಮೇಡಂ ಹೇಳಿದ್ದು ನನಗೆ ಸರಿಯಾಗಿಯೇ ಅರ್ಥವಾಯಿತು. ಹಾಗೆ ಆರಿಸಿ ತೆಗೆದ ಹುಳುವನ್ನು ಆಮೇಲೆ ಏನು ಮಾಡುತ್ತಾರೆ ಎಂಬುದೂ ಗೊತ್ತಿತ್ತು.

ನಾನು ಮಾಡದ ಪ್ರಯೋಗವಿಲ್ಲ. ಟೂತ್‌ಪೇಸ್ಟ್ ಮೆತ್ತಿಕೊಂಡೆ, ನಿಂಬೆಹಣ್ಣು ತಿಕ್ಕಿಕೊಂಡೆ, ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಉಗುರಿನಿಂದ ಒಂದೊಂದನ್ನೇ ಹಿಚುಕಿದೆ. ಹಿಚುಕಿದ್ದು ಹಣ್ಣಾಗಿ ಕೆಂಪಾಗಿ ಎರಡರಷ್ಟಾಯಿತು. ಮುಂದಿನ ಶುಕ್ರವಾರಗಳಲ್ಲಿ ನಾನು ಮೆಟ್ಟಿಲ ಕಡೆಗೇ ಹೋಗಲಿಲ್ಲ. ಕಿಟಕಿಯಿಂದ ಸ್ಕಂದಗಿರಿಯ ಕಡೆ ನೋಡುತ್ತ ಕೂರುತ್ತಿದ್ದೆ. ಬೆಟ್ಟಕ್ಕಾದರೂ ನನ್ನ ಮುಖ ಕಾಣದಲ್ಲ ಎನ್ನುವ ಸಮಾಧಾನ.

ದಸರಾ ರಜೆ ಮುಗಿಸಿ ಎಲ್ಲರೂ ವಾಪಸು ಬಂದ ಮೇಲೆ ಒಬ್ಬಳ ಮೂಗಿನ ಕೆಳಗೆ ಸಣ್ಣ ಗುಳ್ಳೆ ಎದ್ದಿತು. ಒಡೆದು ನೀರು ಸೋರಿ, ಒಣಗಿದ ಜೇನಿನ ಹಾಗೆ ಹಳದಿ ಹಕ್ಕಳೆ ಕಟ್ಟಿತು. ಆಮೇಲೆ ಪಕ್ಕದವಳ ತುಟಿಯ ಅಂಚಿಗೆ. ಆಮೇಲೆ ಅವಳ ಜೊತೆ ದಿಂಬು ಹಂಚಿಕೊಳ್ಳುವವಳ ಗಲ್ಲಕ್ಕೆ. ನೋಡನೋಡುತ್ತ ಅರ್ಧ ಹಾಸ್ಟೆಲಿನ ಮುಖದಲ್ಲಿ ಹುಣ್ಣು. ಎಲ್ಲರ ಕಣ್ಣೂ ಕಿಟಕಿಯ ಪಕ್ಕದ ಚಾಪೆಯ ಕಡೆ ತಿರುಗಿತು.

"ಇವಳ ಮೊಡವೇನೇ ಅಂಟಿರೋದು. ಎಲ್ಲಾರ್ಗೂ ತಂದಿಟ್ಲು."

ಒಬ್ಬಳ ಮನೆಯವರು ಬಂದು ಗಲಾಟೆ ಮಾಡಿದರು. ಮೇಡಂ ನಮ್ಮಪ್ಪನಿಗೆ ಫೋನು ಮಾಡಿ, ವಾಸಿಯಾಗುವವರೆಗೆ ಮಗಳನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ನಾನು ಆ ಮಾತನ್ನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ನಮ್ಮ ಕಡೆ ಓದು ನಡುವೆ ಬಿಟ್ಟು ಮನೆಗೆ ಹೋದ ಹುಡುಗಿ ಕಾಲೇಜಿಗೆ ವಾಪಸು ಬಂದದ್ದನ್ನು ನಾನು ಕಂಡಿರಲಿಲ್ಲ. ಸೋದರತ್ತೆಯ ಮಗನೊಬ್ಬ ಆಗಲೇ ಬೈಕು ಕೊಂಡು ಮದುವೆಗೆ ತಯಾರಾಗಿದ್ದ. ಮನೆಗೆ ಹೋದರೆ ನನ್ನ ಓದು ಅಲ್ಲಿಗೆ ಮುಗಿಯಿತು. ಪೆಟ್ಟಿಗೆಗೆ ಬಟ್ಟೆ ತುಂಬುವಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಅಪ್ಪ ಚಿಂತಾಮಣಿಯಲ್ಲಿ ಬಸ್ಸು ಬದಲಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಪೆಟ್ಟಿಗೆ ಎತ್ತಿಕೊಳ್ಳಲು ಹಾಲಿನ ಕೊನೆಯವರೆಗೂ ಬಂದವರು ಅಲ್ಲೇ ನಿಂತುಬಿಟ್ಟರು. ಒಂಟಿ ಮೊಳೆ, ಅದರಲ್ಲಿ ನನ್ನ ಟವೆಲು, ಕೆಳಗೆ ಬೋರಲು ಹಾಕಿದ ನನ್ನ ತಟ್ಟೆ ಲೋಟ. ಅವನ್ನೇ ನೋಡಿದರು. ಅಪ್ಪ ಹುಡುಗನಾಗಿದ್ದಾಗ ಟೀ ಅಂಗಡಿಯಲ್ಲಿ ನಮ್ಮ ಜನಕ್ಕೆ ಲೋಟ ಬೇರೆ ಇತ್ತಂತೆ. ಹೊರಗಿನ ಗೂಡಿನಲ್ಲಿ ಇಟ್ಟಿರುತ್ತಿದ್ದರಂತೆ, ಕುಡಿದವರೇ ತೊಳೆದು ಅಲ್ಲೇ ಬೋರಲು ಹಾಕಿ ಬರಬೇಕಿತ್ತಂತೆ. ನಮ್ಮ ಮನೆಯ ಗೋಡೆಗೆ ಬುದ್ಧನ ಪಟ ಬಂದದ್ದು ಅದೆಲ್ಲ ಉಂಡು ಬೇಸತ್ತ ಮೇಲೆ.

ಅಪ್ಪ ದನಿ ಎತ್ತಲಿಲ್ಲ. "ಇದು ಮೊಡವೆಗೇನಾ ಮೇಡಂ? ಇಲ್ಲಾ ನಮ್ ಜನಕ್ಕಾ?"

ಮೇಡಂ ಮುಖ ಬಿಳಿಚಿಕೊಂಡಿತು. ಕೀಗೊಂಚಲು ಹಿಡಿದುಕೊಂಡೇ ನನ್ನ ಪೆಟ್ಟಿಗೆಯ ಮೇಲೆ ಕೂತರು. "ಅಯ್ಯೋ, ಇಲ್ಲಪ್ಪ. ನಾನು ಹಂಗೆ ನೋಡೋಳಲ್ಲ. ಮೊಡವೆಗೇ, ದೇವರಾಣೆ."

"ಇರಬೋದಮ್ಮ. ನಂಗೆ ಮಾತ್ರ ಈ ಮೊಳೆ ನೋಡಿದ್ರೆ ಅದೇ ನೆನಪಾಗುತ್ತೆ." ಅಪ್ಪ ಮೇಡಂ ಕಡೆ ತಿರುಗಿದರು. "ಅಂಟುತ್ತೆ ಅಂತ ಡಾಕ್ಟ್ರು ಹೇಳ್ಲಿ ಮೇಡಂ, ಈಗ್ಲೇ ಕರ್ಕೊಂಡು ಹೋಗ್ತೀನಿ. ನೀವು ಕೇಳಿದೀರಾ ಡಾಕ್ಟ್ರನ್ನ?"

ಕೇಳಿರಲಿಲ್ಲ. ಹುಣ್ಣಾದವರಿಗೆಲ್ಲ ಬೇವಿನ ಎಲೆ ಅರೆದು ಹಚ್ಚಿದ್ದರು, ಅಷ್ಟೇ. ಮೇಡಂ ಎದ್ದು ಸೆರಗು ಸಿಕ್ಕಿಸಿಕೊಂಡರು. "ನಡೀರಿ, ಹೋಗಣ. ಎಲ್ಲಾರೂ ಹೋಗಣ."

ಅಪ್ಪ, ಮೇಡಂ, ನಾನು, ಹುಣ್ಣು ಜಾಸ್ತಿಯಾಗಿದ್ದ ಕೆಲವು ಹುಡುಗಿಯರು ಆಟೋಗಳಲ್ಲಿ ಆಸ್ಪತ್ರೆಗೆ ಹೋದೆವು. ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಉಳಿದವರನ್ನೆಲ್ಲ ನೋಡಿ, ಕೈ ತೊಳೆದುಕೊಂಡು, ಕೊನೆಗೆ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದರು. ಎಷ್ಟೋ ತಿಂಗಳ ಮೇಲೆ ಒಬ್ಬರು ನನ್ನ ಮುಖ ಮುಟ್ಟಿದ್ದು.

"ಇದು ಬರೀ ಮೊಡವೆ. ಯಾರಿಗೂ ಅಂಟಲ್ಲ" ಎಂದರು. "ಈ ವಯಸ್ಸಲ್ಲಿ ಚರ್ಮದಲ್ಲಿ ಎಣ್ಣೆ ಜಾಸ್ತಿಯಾಗಿ ರಂಧ್ರ ಕಟ್ಕೊಳ್ಳುತ್ತೆ. ಮುಟ್ಟಿದ್ರೂ ಬರಲ್ಲ, ಪಕ್ಕದಲ್ಲಿ ಮಲಗಿದ್ರೂ ಬರಲ್ಲ. ಇವರದು ಬೇರೆ. ಇದು ಸೋಂಕು. ಹುಣ್ಣು ಮುಟ್ಟಿದ ಕೈಯಿಂದ, ಒರೆಸಿದ ಟವೆಲ್‌ನಿಂದ ಹರಡುತ್ತೆ." ಆಮೇಲೆ ನನ್ನ ಕಡೆ ತಿರುಗಿ ಗದರಿದರು. "ನೀನು ಹಿಚುಕಿ ಹಿಚುಕಿ ಮುಖಾನೆಲ್ಲ ಗಾಯ ಮಾಡ್ಕೊಂಡಿದೀಯ. ಗಾಯ ಇರೋ ಚರ್ಮಕ್ಕೆ ಈ ಸೋಂಕು ಬೇಗ ಬರುತ್ತೆ. ಎಲ್ಲರಿಗಿಂತ ಮೊದಲು ನಿಂಗೆ ಬರಬೇಕಿತ್ತು. ಹೇಗೆ ತಪ್ಪಿಸ್ಕೊಂಡೆ?"

ನನಗೆ ಗೊತ್ತಿರಲಿಲ್ಲ. ಉತ್ತರ ಹೊಳೆದದ್ದು ಮೇಡಂಗೆ. "ಅವಳ ಟವೆಲ್ ಬೇರೆ ಡಾಕ್ಟ್ರೇ. ಸೋಪು, ದಿಂಬು, ಎಲ್ಲಾ ಬೇರೆ."

"ಉಳಿದವರದು?"

"ಅವರದೆಲ್ಲ ಒಟ್ಟಿಗೆ." ಮೇಡಂ ತಮ್ಮ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡರು. ಉಗುರ ಸಂದಿಯಲ್ಲಿ ಅರಿಶಿನದ ಬಣ್ಣ ಇನ್ನೂ ಇತ್ತು. "ಶುಕ್ರವಾರ ನಾನೇ ಎಲ್ಲಾರ್ಗೂ ಅರಿಶಿನ ಹಚ್ತೀನಿ. ಹುಣ್ಣಾದೋರ್ಗೂ ಹಚ್ದೆ, ಒಳ್ಳೇದಾಗ್ಲಿ ಅಂತ. ಇದೇ ಕೈಯಲ್ಲಿ. ಇದೇ ಟವೆಲಲ್ಲಿ."

ಡಾಕ್ಟರು ಮೇಡಂ ಮೇಲೆ ರೇಗಲಿಲ್ಲ. ಹುಣ್ಣಿಗೆ ಮುಲಾಮು, ಮಾತ್ರೆ ಬರೆದುಕೊಟ್ಟರು. ಹುಣ್ಣನ್ನು ಕೆರೆಯಬಾರದು, ಉಗುರು ಕತ್ತರಿಸಬೇಕು, ಮುಲಾಮು ಹಚ್ಚುವ ಮುಂಚೆಯೂ ಆಮೇಲೂ ಕೈಗೆ ಸೋಪು ಹಾಕಬೇಕು, ಒಬ್ಬೊಬ್ಬರಿಗೂ ಅವರದೇ ಟವೆಲು ಇರಬೇಕು, ಬಟ್ಟೆಯನ್ನೆಲ್ಲ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ನನಗೆ ಬೇರೆ ಮುಲಾಮು. ದಿನಕ್ಕೆರಡು ಸಲ ಮೆಲ್ಲಗೆ ಮುಖ ತೊಳೆ, ನಿಂಬೆಹಣ್ಣು ಟೂತ್‌ಪೇಸ್ಟ್ ಎಲ್ಲ ಬಿಡು, ಹಿಚುಕಬೇಡ, ವಾಸಿಯಾಗಲು ತಿಂಗಳುಗಳೇ ಬೇಕು ಎಂದರು.

ಬೇರೆ ಇಟ್ಟದ್ದೇ ನನ್ನನ್ನು ಕಾಪಾಡಿತು ಎನ್ನುವುದು ಆಗ ನನಗೆ ನುಂಗಲಾರದ ತುತ್ತಾಗಿತ್ತು. ಈಗಲೂ ಸಲೀಸಾಗಿ ಇಳಿಯುವುದಿಲ್ಲ. ಮೇಡಂ ಬೇಕಿದ್ದರೆ ಅದನ್ನೇ ಹಿಡಿದುಕೊಂಡು, ನೋಡು, ನಾನು ಮಾಡಿದ್ದು ಒಳ್ಳೆಯದೇ ಆಯಿತು ಅನ್ನಬಹುದಿತ್ತು. ಅನ್ನಲಿಲ್ಲ. ಅವರ ಮೇಲಿನ ನನ್ನ ಗೌರವ ಶುರುವಾದದ್ದು ಅಲ್ಲಿಂದ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪನಿಗೆ ಟೀ ತಾವೇ ತಂದು ಕೈಗೆ ಕೊಟ್ಟರು. ಇಬ್ಬರೂ ಅಕ್ಕಪಕ್ಕ ನಿಂತು ಕುಡಿದರು. ಅಪ್ಪ ಒಬ್ಬರೇ ಬಸ್ಸು ಹತ್ತಿದರು. ನಾನು ಪೆಟ್ಟಿಗೆಯ ಬಟ್ಟೆ ಬಿಚ್ಚಿಡಲು ಹಾಸ್ಟೆಲಿಗೆ ವಾಪಸು ಬಂದೆ.

ಮರುದಿನ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮೇಡಂ ಯಾರನ್ನೂ ಕದಲಲು ಬಿಡಲಿಲ್ಲ. "ಇವಳಿಂದ ಯಾರಿಗೂ ಅಂಟಿಲ್ಲ ಕಣ್ರೇ. ಅಂಟಿದ್ದು ನನ್ನ ಕೈಯಿಂದ, ನಿಮ್ಮ ಟವೆಲ್‌ಗಳಿಂದ. ತಪ್ಪು ನಂದು. ಸಪ್ಪಗಿರೋ ಹುಳ ಆರಿಸ್ಬೇಕು ಅನ್ನೋದು ಮಾತ್ರ ನೆನಪಿಟ್ಕೊಂಡೆ. ಕೈ ತೊಳೀದೆ ಹುಳು ಮನೆ ಒಳಗೆ ಕಾಲಿಡಬಾರ್ದು ಅಂತಾನೂ ನಮ್ಮಮ್ಮ ಹೇಳಿದ್ಲು, ಅದು ಮರ್ತೋಯ್ತು." ಕೆಮ್ಮಿದ ಹಾಗೆ ಮಾಡಿ ಸುತ್ತಿಗೆ ತಗೊಂಡು ಬಾರೇ ಎಂದು ಯಾರಿಗೋ ಗದರಿದರು.

ನನ್ನ ಮೊಳೆಯನ್ನು ಅವರು ಕೀಳಲಿಲ್ಲ. ಅದರ ಪಕ್ಕದಿಂದಲೇ ಶುರುಮಾಡಿ ಗೋಡೆಯುದ್ದಕ್ಕೂ ಮೊಳೆ ಹೊಡೆದರು, ಒಬ್ಬೊಬ್ಬಳಿಗೆ ಒಂದೊಂದು. ಸಂಜೆಯ ಹೊತ್ತಿಗೆ ಗೋಡೆ ತುಂಬ ಟವೆಲುಗಳು. ನನ್ನ ಚಾಪೆಯನ್ನು ಅವರೇ ಎಳೆದು ತಂದು ಸಾಲಿನ ನಡುವೆ ಹಾಕಿದರು. "ಕೈ ಎಲ್ಲಿಗೆ ಹೋಗಿತ್ತು?" ಶುರುವಾದದ್ದು ಅವತ್ತಿನಿಂದಲೇ. ಕೀಗೊಂಚಲಿಗೆ ಒಂದು ನೇಲ್ ಕಟರ್ ಸೇರಿಕೊಂಡಿತು. ಯಾರಾದರೂ ಗೊಣಗಿದರೆ, "ಹುಳಕ್ಕೆ ಕೊಡೋ ಮರ್ಯಾದೆ ನಿಮ್ಮ ಮುಖಕ್ಕೂ ಕೊಡ್ರೇ" ಎನ್ನುತ್ತಿದ್ದರು. ಮೆಡಿಕಲ್ ಸ್ಟೋರಿನಿಂದ ಬೆಳ್ಳಗಾಗುವ ಕ್ರೀಮು ಗುಟ್ಟಾಗಿ ತಂದವಳಿಂದ ಟ್ಯೂಬು ಕಿತ್ತುಕೊಂಡು ಅದೇ ಡಾಕ್ಟರ ಹತ್ತಿರ ಹೋಗಿ, ಇದನ್ನು ಹಚ್ಚಬಹುದಾ ಎಂದು ಕೇಳಿಕೊಂಡು ಬಂದರು. ಹಚ್ಚಬಾರದಂತೆ. ಟ್ಯೂಬು ತಿಪ್ಪೆ ಸೇರಿತು.

ಎಲ್ಲರ ಹುಣ್ಣೂ ಒಣಗಿದ ಮೇಲಿನ ಶುಕ್ರವಾರ ನಾನು ಮೆಟ್ಟಿಲ ಮೇಲೆ ಎಲ್ಲರಿಗಿಂತ ಮೊದಲು ಹೋಗಿ ಕೂತೆ. ಇನ್ನೇನು ಅಡ್ಡಿ? ಅಂಟುವುದಿಲ್ಲ ಎಂದು ಡಾಕ್ಟರೇ ಹೇಳಿಯಾಗಿತ್ತು. ಮೇಡಂ ಬಟ್ಟಲು ಹಿಡಿದು ಬಂದರು, ಜೊತೆಗೆ ಒಂದು ಚಮಚ. ಒಬ್ಬೊಬ್ಬರ ಅಂಗೈಗೂ ಚಮಚದಿಂದ ಒಂದಿಷ್ಟು ಹಾಕುತ್ತ ಹೋದರು. "ಕೈ ತೊಳ್ಕೊಂಡಿದೀರಾ? ನಿಮ್ ಮುಖಕ್ಕೆ ನೀವೇ ಹಚ್ಕೊಳಿ. ಇನ್ಮೇಲೆ ನಾನು ಯಾರಿಗೂ ಹಚ್ಚಲ್ಲ." ನನ್ನ ಅಂಗೈಗೆ ಅರಿಶಿನವನ್ನೂ ಹಾಕಲಿಲ್ಲ, ಡಾಕ್ಟರು ಕೊಟ್ಟ ಮುಲಾಮಿನ ಟ್ಯೂಬು ಇಟ್ಟರು. "ನಿಂದು ಇದು."

ಹುಡುಗಿಯರೆಲ್ಲ ಮುಖ ಸಪ್ಪಗೆ ಮಾಡಿಕೊಂಡರು. ನ್ಯಾಯವಾಗಿ ನೋಡಿದರೆ ಆ ದಿನ ನಾನು ಎಲ್ಲರಂತಾದೆ. ಆದರೆ ಅವರೆಲ್ಲ ಆ ಕೈಯ ಮೆತ್ತನೆ ಕಂಡವರು, ನಾನು ಕಂಡೇ ಇರಲಿಲ್ಲ. ಅವತ್ತು ರಾತ್ರಿ ಸಾಲಿನ ನಡುವಿನ ಚಾಪೆಯ ಮೇಲೆ ಮಲಗಿ ನಾನು ಅತ್ತೆ.

ಓದಿದೆ, ಬಿ.ಎಡ್. ಮಾಡಿದೆ, ಕೆಲಸ ಸಿಕ್ಕಿತು. ಮೊಡವೆ ಹೋಯಿತು, ಹಿಚುಕಿದ್ದರ ಗುಂಡಿಗಳು ಉಳಿದವು. ಮೇಡಂ ನಿವೃತ್ತರಾಗಿ ಪೆರೇಸಂದ್ರದಲ್ಲಿ ತಂಗಿಯ ಮನೆಯಲ್ಲಿದ್ದರು. ಸಕ್ಕರೆ ಕಾಯಿಲೆ ಇತ್ತು, ದಿನಾ ಪಾದ ತೊಳೆದು ಒರೆಸಿ ಬೆರಳ ಸಂದಿಯನ್ನೆಲ್ಲ ಕನ್ನಡಿ ಹಿಡಿದು ನೋಡಿಕೊಳ್ಳುತ್ತಿದ್ದರಂತೆ. ನಾನು ಕೊನೆಯ ಸಲ ಹೋದದ್ದು ಅವರು ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ. ಅಷ್ಟೆತ್ತರದ ಹೆಂಗಸು ಕುರ್ಚಿಯಲ್ಲಿ ಚಿಕ್ಕದಾಗಿ ಕೂತಿದ್ದರು. ಸೊಂಟದಲ್ಲಿ ಕೀಗೊಂಚಲಿರಲಿಲ್ಲ.

ಮಾತಿಗೆ ಮಾತು ಬಂದು ನನ್ನ ಶಾಲೆಯ ಸಂಗತಿ ಹೇಳಿದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಮುಖದ ತುಂಬ ಮೊಡವೆ, ಬೆಂಚಿನಲ್ಲಿ ಪಕ್ಕದವಳು ಸರಿದು ಕೂರುತ್ತಾಳೆ, ಮಿಸ್ ಇದು ಅಂಟುತ್ತಾ ಅಂತ ಕೇಳುತ್ತಾಳೆ ಎಂದೆ.

"ಏನ್ ಹೇಳ್ದೆ?"

"ಅಂಟಲ್ಲ ಅಂದೆ. ಅವಳ ಪಕ್ಕ ನಾನೇ ಕೂತು ಊಟ ಮಾಡ್ದೆ ಮೇಡಂ."

ಅವರು ತುಂಬ ಹೊತ್ತು ನನ್ನ ಮುಖವನ್ನೇ ನೋಡಿದರು. "ಗುಂಡಿ ಉಳ್ಕೊಂಡ್ವಲ್ಲೇ" ಎಂದರು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದರು. ನಾನು ಕೈ ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿ ಬಚ್ಚಲಿನ ಕಡೆ ಹೋದರು. ನಲ್ಲಿಯ ನೀರು ಬೀಳುವ ಸದ್ದು ಕೇಳಿಸುತ್ತಲೇ ಇತ್ತು. ಬಹಳ ಹೊತ್ತಾಯಿತೆಂದು ತಂಗಿ ಅಡುಗೆಮನೆಯಿಂದ ಹೊರಬಂದು ಇಣುಕಿ ನೋಡಿದರು. "ಕೈ ತೊಳೀತಿದಾಳೆ" ಎಂದು ನನಗೆ ಹೇಳಿ ಒಳಗೆ ಹೋದರು.

ಮೇಡಂ ಬಾಗಿಲ ಪಕ್ಕದ ಮೊಳೆಯಲ್ಲಿದ್ದ ತಮ್ಮ ಟವೆಲಿನಿಂದ ಬೆರಳು ಬೆರಳನ್ನೂ ಒರೆಸಿಕೊಂಡು ಬಂದು ನನ್ನ ಎದುರಿಗೆ ಕೂತರು. ಎರಡೂ ಅಂಗೈ ನನ್ನ ಗಲ್ಲದ ಮೇಲಿಟ್ಟು, ಗುಂಡಿಗಳ ಮೇಲೆಲ್ಲ ಮೆಲ್ಲಗೆ ಆಡಿಸಿದರು. ಅದು ಶುಕ್ರವಾರವಾಗಿರಲಿಲ್ಲ. ಅರಿಶಿನವೂ ಇರಲಿಲ್ಲ. ಕೈ ಇನ್ನೂ ಅರೆಒದ್ದೆಯಾಗಿತ್ತು, ಸೋಪಿನ ವಾಸನೆ ಬರುತ್ತಿತ್ತು.

"ವಾಸಿಯಾದ್ಮೇಲೆ ಹಚ್ತೀನಿ ಅಂದಿದ್ನಲ್ಲ ತಲ್ಲೀ" ಎಂದರು.